ಕೆಟ್ಟಿದ್ದು ಯಂತ್ರ, ಬೈಗುಳ ಸಾಫ್ಟ್‌ವೇರ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಹದಿನೈದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಗೆ ಬಂದವರು, ಫೋನ್ ಮಾಡಿದವರು, ಬೆಂಗಳೂರಿನಲ್ಲಿ ಕೋಡ್ ಬರೆಯುವ ಹಳೆಯ ಗೆಳೆಯರು, ಎಲ್ಲರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಮೊದಲ ಗುಮಾನಿ

ಇದು ಸಾಫ್ಟ್‌ವೇರ್ ತೊಂದರೆನೋ ಹಾರ್ಡ್‌ವೇರ್ ತೊಂದರೆನೋ, ನೋಡಿದ ಕೂಡಲೇ ಹೇಗೆ ಹೇಳ್ತೀರಿ?

ಹೇಳಲು ಆಗುವುದಿಲ್ಲ. ನೋಡಿದ ಕೂಡಲೇ ಹೇಳುವವರನ್ನು ನಂಬಲೂಬೇಡಿ. ನಾನು ಮೊದಲು ಕೇಳುವುದು "ಯಾವಾಗ ಆಗುತ್ತೆ?" ಅಂತ. ಏನಾಯ್ತು ಅನ್ನುವುದು ಆಮೇಲೆ.

ಸಾಫ್ಟ್‌ವೇರ್ ತಪ್ಪು ಸಾಮಾನ್ಯವಾಗಿ ಹಟಮಾರಿ. ಅದೇ ಗುಂಡಿ ಒತ್ತಿದರೆ ಅದೇ ಎರರ್. ನಿಮ್ಮ ಯಂತ್ರದಲ್ಲೂ ಅದೇ, ಪಕ್ಕದ ಮನೆಯ ಯಂತ್ರದಲ್ಲೂ ಅದೇ. ಹಾರ್ಡ್‌ವೇರ್ ತಪ್ಪು ಜಾಗ ಬದಲಿಸುತ್ತದೆ. ಇವತ್ತು ಬ್ರೌಸರ್ ಮುಚ್ಚಿಕೊಳ್ಳುತ್ತದೆ, ನಾಳೆ ವರ್ಡ್, ನಾಡಿದ್ದು ನೀಲಿ ಪರದೆ. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇದೆ. ಮೇಜಿನ ಮೇಲೆ ಸರಿ, ಹಾಸಿಗೆ ಮೇಲೆ ಕೈಕೊಡುತ್ತದೆ.

ಗುಮಾನಿ ಬಂದರೆ ಒಂದು ಸುಲಭದ ಪರೀಕ್ಷೆ ಇದೆ. ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಹಾಕಿ ಒಂದೆರಡು ಗಂಟೆ ಕೆಲಸ ಮಾಡಿ. ಅಲ್ಲೂ ಅದೇ ಗೋಳಾದರೆ ವಿಂಡೋಸ್ ಪಾಪದ್ದು, ಅದನ್ನು ಬಿಟ್ಟುಬಿಡಿ. ಲಿನಕ್ಸ್‌ನಲ್ಲಿ ಏನೂ ಆಗಲಿಲ್ಲ ಅಂದರೆ ಮಾತ್ರ ಹಾರ್ಡ್‌ವೇರ್ ಸರಿ ಇದೆ ಅಂತ ತೀರ್ಮಾನಿಸಬೇಡಿ. ನಿಮ್ಮ ಡಿಸ್ಕನ್ನು ಅದು ಮುಟ್ಟೇ ಇರುವುದಿಲ್ಲ.

ಫಾರ್ಮ್ಯಾಟ್ ಮಾಡಿಸಿದೆ, ಎರಡು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಯಾಕೆ?

ಆ ಎರಡು ವಾರವೇ ಜನರನ್ನು ದಾರಿ ತಪ್ಪಿಸುವುದು. "ಫಾರ್ಮ್ಯಾಟ್ ಮಾಡಿದ್ಮೇಲೆ ಸರಿಹೋಯ್ತಲ್ಲ, ಅಂದ್ಮೇಲೆ ಸಾಫ್ಟ್‌ವೇರೇ" ಅನ್ನುತ್ತಾರೆ.

ನಡೆಯುವುದು ಹೀಗೆ. ಡಿಸ್ಕಿನ ಒಂದು ಭಾಗ ಹಾಳಾಗಿದೆ ಅಂದುಕೊಳ್ಳಿ. ಮೊದಲು ವಿಂಡೋಸ್‌ನ ಮುಖ್ಯ ಫೈಲ್‌ಗಳು ಅಲ್ಲೇ ಕೂತಿದ್ದವು. ಹೊಸದಾಗಿ ಹಾಕಿದಾಗ ಅವು ಬೇರೆ ಕಡೆ ಕೂರುತ್ತವೆ. ಡಿಸ್ಕ್ ತುಂಬುತ್ತಾ ಬಂದಂತೆ ಬೇರೆ ಫೈಲ್‌ಗಳು ಕೆಟ್ಟ ಜಾಗಕ್ಕೆ ಬಂದು ಬೀಳುತ್ತವೆ, ಕಥೆ ಮೊದಲಿನಿಂದ ಶುರು. ಸೋರುವ ಮನೆಯಲ್ಲಿ ಮಂಚ ಸರಿಸಿ ಮಲಗಿದ ಹಾಗೆ.

ಕ್ವಿಕ್ ಫಾರ್ಮ್ಯಾಟ್ ಡಿಸ್ಕನ್ನು ಪೂರ್ತಿ ಓದಿಯೂ ನೋಡುವುದಿಲ್ಲ, ಹೊಸ ಪಟ್ಟಿಯೊಂದನ್ನು ಬರೆದು ಕೈತೊಳೆದುಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಒಂದೇ ತೊಂದರೆಗೆ ಎರಡನೇ ಸಲ ಫಾರ್ಮ್ಯಾಟ್ ಮಾಡಿಸುವುದು ದುಡ್ಡು ದಂಡ.

ಮೌಸ್ ಬಾಣ ತಾನಾಗೇ ಓಡಾಡುತ್ತೆ, ತಾನಾಗೇ ಕ್ಲಿಕ್ ಆಗುತ್ತೆ. ಯಾರೋ ಹ್ಯಾಕ್ ಮಾಡಿದಾರಾ?

ಲ್ಯಾಪ್‌ಟಾಪ್ ಆದರೆ ಮೊದಲು ಮುಚ್ಚಿ, ಸಮತಟ್ಟಾದ ಮೇಜಿನ ಮೇಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ನಾಲ್ಕೂ ಮೂಲೆ ಮೇಜಿಗೆ ತಾಗಿದೆಯಾ? ಟಚ್‌ಪ್ಯಾಡ್ ಉಬ್ಬಿದೆಯಾ? ಬ್ಯಾಟರಿ ಊದಿಕೊಂಡು ಕೆಳಗಿನಿಂದ ಟಚ್‌ಪ್ಯಾಡನ್ನು ಒತ್ತುತ್ತಿದ್ದರೆ ಬಾಣಕ್ಕೆ ದೆವ್ವ ಹಿಡಿದ ಹಾಗೆ ಆಗುತ್ತದೆ. ಹಾಗೇನಾದರೂ ಕಂಡರೆ ಚಾರ್ಜರ್ ಕಿತ್ತು, ಆಫ್ ಮಾಡಿ, ಒತ್ತದೆ ಚುಚ್ಚದೆ ಅಂಗಡಿಗೆ ತನ್ನಿ. ಊದಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಇಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ.

ಉಬ್ಬಿಲ್ಲ, ಆದರೆ ಚಾರ್ಜಿಗೆ ಹಾಕಿದಾಗ ಮಾತ್ರ ಬಾಣ ಕುಣಿಯುತ್ತದಾ? ಚಾರ್ಜರ್ ಅಥವಾ ಅರ್ಥಿಂಗ್ ನೋಡಿ. ಫೋನಿನಲ್ಲೂ ಇದೇ. ರಸ್ತೆಬದಿಯ ಚಾರ್ಜರ್ ಹಾಕಿದಾಗ ಒತ್ತಿದ ಕಡೆ ಬಿಟ್ಟು ಬೇರೆ ಕಡೆ ಅಕ್ಷರ ಬೀಳುತ್ತದೆ. ಚಾರ್ಜರ್ ಒಳಗಿನ ವಿದ್ಯುತ್ ಗದ್ದಲವನ್ನು ಪರದೆ ಬೆರಳು ಅಂದುಕೊಳ್ಳುತ್ತದೆ.

ಟೈಪ್ ಮಾಡಿದ್ರೆ ಅಕ್ಷರ ಬರೋ ಬದಲು ಏನೇನೋ ಕಿಟಕಿ ತೆರೆದುಕೊಳ್ಳುತ್ತೆ?

ಕಂಟ್ರೋಲ್, ಆಲ್ಟ್ ಅಥವಾ ವಿಂಡೋಸ್ ಕೀ ಒತ್ತಿದಂತೆಯೇ ಸಿಕ್ಕಿಕೊಂಡಿದೆ. ಕೀಬೋರ್ಡ್ ಬೋರಲು ಹಾಕಿ ಕೊಡವಿ. ಚಕ್ಕುಲಿ ಚೂರು ಉದುರುತ್ತದೆ.

ಯಾವ ವೆಬ್‌ಸೈಟ್ ತೆರೆದರೂ ಸುರಕ್ಷಿತ ಅಲ್ಲ ಅಂತ ಬರುತ್ತೆ. ಆಂಟಿವೈರಸ್ ಹಾಕಿಸಬೇಕಾ?

ಪರದೆಯ ಮೂಲೆಯಲ್ಲಿ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ವೆಬ್‌ಸೈಟ್‌ನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಇನ್ನೂ ಹಳೆಯ ವರ್ಷದಲ್ಲಿದ್ದರೆ ಅದರ ಕಣ್ಣಿಗೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇದೆ. ಅದನ್ನು ಬದಲಿಸಿ ತಾರೀಖು ಸರಿಮಾಡಿದರೆ ಮುಗಿಯಿತು.

## ಕರೆಂಟು ಮತ್ತು ಬಿಸಿ

ದಿನಾ ಸಂಜೆ ಅದೇ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ವಿಂಡೋಸ್ ಅಪ್‌ಡೇಟ್ ಇರಬೇಕು ಅಲ್ವಾ?

ಇದನ್ನು ಕೇಳಿದವರು ಒಬ್ಬ ಅಡಿಕೆ ಮಂಡಿಯವರು. ಮೂರು ಜನ ಬಂದು ಅಪ್‌ಡೇಟ್ ನಿಲ್ಲಿಸಿ ಹೋಗಿದ್ದರು. ಲೆಕ್ಕದ ಸಾಫ್ಟ್‌ವೇರನ್ನೂ ಎರಡು ಸಲ ತೆಗೆದು ಹಾಕಿದ್ದರು.

ನಾನು ಒಂದು ಸಂಜೆ ಸುಮ್ನೆ ಹೋಗಿ ಕೂತೆ. ಚಹಾ ಬಂತು, ಕುಡಿದೆ. ಐದಕ್ಕೆ ಐದು ನಿಮಿಷ ಇರುವಾಗ ತಲೆಯ ಮೇಲಿನ ಟ್ಯೂಬ್‌ಲೈಟ್ ಒಮ್ಮೆ ಮಂಕಾಯಿತು. ಫ್ಯಾನಿನ ಸದ್ದು ಇಳಿದು ಮತ್ತೆ ಏರಿತು. ಅಷ್ಟರಲ್ಲಿ ಮಾನಿಟರ್ ಕಪ್ಪು. "ನೋಡಿ, ಶುರುವಾಯ್ತು ಅಪ್‌ಡೇಟ್" ಅಂದರು ಯಜಮಾನರು. ಹಿತ್ತಲಲ್ಲಿ ಹುಡುಗ ಟ್ಯಾಂಕಿಗೆ ನೀರು ಬಿಡಲು ಮೋಟಾರ್ ಹಾಕಿದ್ದ.

ಮೋಟಾರ್ ಎದ್ದೇಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಯಂತ್ರಕ್ಕೆ ಹೊಂದುವಂತೆ ಮಾಡಿಕೊಡುವ ಡಬ್ಬಿ) ಒಳಗಿನ, ಕರೆಂಟು ಸ್ವಲ್ಪ ಹಿಡಿದಿಡುವ ಕೆಪಾಸಿಟರ್‌ಗಳು ಚೆನ್ನಾಗಿದ್ದರೆ ಪೂರ್ತಿ ಕರೆಂಟು ಹೋದರೂ ಹದಿನಾರು ಹದಿನೇಳು ಮಿಲಿಸೆಕೆಂಡ್ ಹೇಗೋ ತಳ್ಳುತ್ತವೆ. ಹಳೆಯದಾಗಿ ಒಣಗಿದ್ದರೆ ಅದೂ ಇಲ್ಲ. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಯುಪಿಎಸ್ ಬ್ಯಾಟರಿ ಮತ್ತು ಎಸ್‌ಎಂಪಿಎಸ್ ಬದಲಿಸಿದ ಮೇಲೆ ಮೋಟಾರೂ ಓಡಿತು, ಲೆಕ್ಕವೂ ಓಡಿತು.

ಏನೇನಾಯಿತು ಅಂತ ವಿಂಡೋಸ್ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್-ಪವರ್ 41" ಅಂತ ಕಂಡರೆ ಗಾಬರಿ ಬೇಡ. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಮತ್ತೆ ಶುರುವಾಯಿತು ಅನ್ನುವುದಷ್ಟೇ ಅದರ ಅರ್ಥ. ಕಾರಣ ಅದು ಹೇಳುವುದಿಲ್ಲ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ತಪ್ಪಿನ ಸಂಖ್ಯೆ) ಸೊನ್ನೆ ಇದ್ದು, ನೀಲಿ ಪರದೆಯೂ ಬಂದಿರದಿದ್ದರೆ ನನ್ನ ಕಣ್ಣು ಮೊದಲು ಕರೆಂಟಿನ ಕಡೆಗೇ ಹೋಗುತ್ತದೆ.

ನಿನ್ನೆವರೆಗೂ ಚೆನ್ನಾಗಿದ್ದ ಲ್ಯಾಪ್‌ಟಾಪ್ ಇವತ್ತು ಬಸವನಹುಳು ಆಗಿದೆ. ಯಾವ ಸಾಫ್ಟ್‌ವೇರ್ ತೆಗೆಯಲಿ?

ಏನೂ ತೆಗೆಯಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಯಾವ ವೇಗದಲ್ಲಿ ಓಡುತ್ತಿದೆ ನೋಡಿ. ಕೆಲಸ ಜಾಸ್ತಿ ಇದ್ದರೂ 0.8 ಗಿಗಾಹರ್ಟ್ಜ್ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ ಯಾರೋ ಬ್ರೇಕ್ ಒತ್ತಿ ಹಿಡಿದಿದ್ದಾರೆ ಅಂತ ಅರ್ಥ.

ಆ "ಯಾರೋ" ಇಬ್ಬರಲ್ಲಿ ಒಬ್ಬರು. ಒಂದು, ಬಿಸಿ. ಫ್ಯಾನಿನ ದಾರಿಯಲ್ಲಿ ಧೂಳು ಕಂಬಳಿಯಂತೆ ಕೂತಿರುತ್ತದೆ, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಇನ್ನೊಂದು, ಚಾರ್ಜರ್. ಹಲವು ಲ್ಯಾಪ್‌ಟಾಪ್‌ಗಳ ಪಿನ್ನಿನ ನಡುವೆ ಸೂಜಿಯಂಥ ತಂತಿ ಇರುತ್ತದೆ. "ನಾನು ಇಷ್ಟು ವ್ಯಾಟಿನ ಚಾರ್ಜರ್" ಅಂತ ಅದು ಯಂತ್ರಕ್ಕೆ ಹೇಳುತ್ತದೆ. ಆ ಸೂಜಿ ಬಾಗಿದರೆ ಅಥವಾ ಒಳಗಿನ ತಂತಿ ತುಂಡಾದರೆ ಯಂತ್ರಕ್ಕೆ ಅನುಮಾನ ಬಂದು ವೇಗ ಕಟ್ಟಿಹಾಕುತ್ತದೆ. ಚಾರ್ಜರ್ ಕಿತ್ತ ಕೂಡಲೇ ಲ್ಯಾಪ್‌ಟಾಪ್ ಚುರುಕಾದರೆ ಕಳ್ಳ ಸಿಕ್ಕಿಬಿದ್ದ.

ಕೆಲಸ ಮಾಡ್ತಾ ಇರುವಾಗಲೇ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತೆ?

ಮುಚ್ಚಳ ಮುಚ್ಚಿದ್ದು ಲ್ಯಾಪ್‌ಟಾಪಿಗೆ ಗೊತ್ತಾಗುವುದು ಅಯಸ್ಕಾಂತದಿಂದ. ಕೈಯಲ್ಲಿ ಅಯಸ್ಕಾಂತದ ಬಳೆ ಅಥವಾ ವಾಚಿನ ಪಟ್ಟಿ ಇದೆಯಾ? ಇನ್ನೊಂದು ಲ್ಯಾಪ್‌ಟಾಪಿನ ಮೇಲೆ ಇದನ್ನು ಇಟ್ಟಿದ್ದೀರಾ?

## ರ‍್ಯಾಮ್, ಡಿಸ್ಕ್, ಪೆನ್‌ಡ್ರೈವ್

ರ‍್ಯಾಮ್ ಕೆಟ್ಟರೆ ಕಂಪ್ಯೂಟರ್ ಆನೇ ಆಗಲ್ಲ ಅಲ್ವಾ? ನಂದು ಆನ್ ಆಗುತ್ತಲ್ಲ?

ಪೂರ್ತಿ ಕೆಟ್ಟರೆ ಆನ್ ಆಗುವುದಿಲ್ಲ, ನಿಜ. ಅದು ಒಳ್ಳೆಯ ಸಾವು. ಕಷ್ಟ ಕೊಡುವುದು ಅರೆಬರೆ ಕೆಟ್ಟದ್ದು. 8 ಜಿಬಿ ರ‍್ಯಾಮಿನಲ್ಲಿ ಸುಮಾರು 6,870 ಕೋಟಿ ಬಿಟ್, ಅಂದರೆ ಸೊನ್ನೆ ಅಥವಾ ಒಂದು ಹಿಡಿಯುವ ಪುಟ್ಟ ಮನೆಗಳು, ಇರುತ್ತವೆ. ಅದರಲ್ಲಿ ಒಂದೇ ಒಂದು ಸುಳ್ಳು ಹೇಳಿದರೂ ಸಾಕು. ಆ ಮನೆಯಲ್ಲಿ ಇವತ್ತು ಫೋಟೋ ಇದ್ದರೆ ಒಂದು ಚುಕ್ಕೆಯ ಬಣ್ಣ ಬದಲಾಗುತ್ತದೆ, ನಿಮಗೆ ಕಾಣುವುದೂ ಇಲ್ಲ. ನಾಳೆ ಅಲ್ಲಿ ಡ್ರೈವರ್ ಬಂದು ಕೂತರೆ ನೀಲಿ ಪರದೆ. ಜಿಪ್ ಫೈಲ್ ಬಿಚ್ಚುವಾಗ "ಫೈಲ್ ಹಾಳಾಗಿದೆ" ಅಂತ ಬಂದು, ಅದೇ ಫೈಲ್ ಎರಡನೇ ಸಲ ಸರಿಯಾಗಿ ಬಿಚ್ಚಿಕೊಂಡರೆ ನಾನು ಮೊದಲು ರ‍್ಯಾಮ್ ಪರೀಕ್ಷೆಗೆ ಹಾಕುತ್ತೇನೆ.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಅನ್ನುವ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿ ಪೂರ್ತಿ ಬಿಡಿ. ಒಂದು ಸುತ್ತು ಸಾಲದು. ಬಿಸಿಯಾದ ಮೇಲೆ ಹೊರಬರುವ ತಪ್ಪುಗಳಿರುತ್ತವೆ. ಬೆಳಿಗ್ಗೆ ಒಂದು ಕೆಂಪು ಸಾಲು ಕಂಡರೂ ಅದು ತಪ್ಪೇ. "ಒಂದೇ ಅಲ್ವಾ, ಪರವಾಗಿಲ್ಲ" ಅನ್ನುವ ಲೆಕ್ಕ ಇಲ್ಲಿಲ್ಲ.

ಕಂಡ ಕೂಡಲೇ ಹೊಸದು ತರಬೇಡಿ. ಮೊದಲು ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ರ‍್ಯಾಮಿನ ವೇಗ ಏರಿಸಿದ್ದರೆ ಇಳಿಸಿ. ಆಮೇಲೆ ರ‍್ಯಾಮ್ ಕಡ್ಡಿ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಇದು ಅಂಗಡಿಯವರ ಮೂಢನಂಬಿಕೆ ಅಂತ ಕೆಲವರು ನಗುತ್ತಾರೆ. ನಮ್ಮೂರಿನ ಆಷಾಢದ ಮಳೆಯಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ, ಕನೆಕ್ಟರಿಗೆ ಮಾತ್ರ ತೇವ ಹಿಡಿಯುವುದಿಲ್ಲವಾ? ಕೊನೆಗೆ ಒಂದೊಂದೇ ಕಡ್ಡಿ ಹಾಕಿ, ಒಂದೊಂದೇ ಸ್ಲಾಟಿನಲ್ಲಿ ಪರೀಕ್ಷಿಸಿ. ತಪ್ಪು ಕಡ್ಡಿಯ ಜೊತೆ ಹೋಗುತ್ತದಾ, ಸ್ಲಾಟಿನಲ್ಲೇ ಉಳಿಯುತ್ತದಾ ಅಂತ ನೋಡಿದರೆ ಉತ್ತರ ಸಿಗುತ್ತದೆ.

ಫೋಲ್ಡರ್ ತೆರೆದರೆ ಅರ್ಧ ನಿಮಿಷ ಹೆಪ್ಪುಗಟ್ಟುತ್ತೆ. ಡಿಸ್ಕ್ ಪರೀಕ್ಷೆ ಮಾಡಿದ್ರೆ "ಗುಡ್" ಅಂತ ಬರುತ್ತೆ?

ಆ "ಗುಡ್" ಅನ್ನು ಬಿಟ್ಟು ಕೆಳಗಿನ ಅಂಕಿ ಓದಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿಗೆ ನಾನು ನೋಡುವುದು ನಾಲ್ಕೇ ಸಾಲು. 5 ಅಂದರೆ ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಕೊಟ್ಟಿರುವ ಸೆಕ್ಟರ್‌ಗಳು (ಡಿಸ್ಕಿನ ಪುಟ್ಟ ತುಣುಕುಗಳು). 197 ಅಂದರೆ ಓದಲಾಗದೆ ಒದ್ದಾಡುತ್ತಿರುವವು. 198 ಸರಿಪಡಿಸಲಾಗದವು. ಹೆಪ್ಪುಗಟ್ಟುವುದಕ್ಕೆ ಸಾಮಾನ್ಯವಾಗಿ 197ರಲ್ಲಿ ಉತ್ತರವಿರುತ್ತದೆ. ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೋಗುತ್ತದೆ, ವಿಂಡೋಸ್ ಕಾಯುತ್ತಾ ಕೂರುತ್ತದೆ. ಈ ಅಂಕಿಗಳು ಏರುತ್ತಿದ್ದರೆ ರಿಪೇರಿ ಯೋಚನೆ ಬಿಟ್ಟು ಮೊದಲು ಫೈಲ್‌ಗಳನ್ನು ಬೇರೆ ಕಡೆ ಇಳಿಸಿಕೊಳ್ಳಿ.

199 ಬೇರೆ ಜಾತಿ. ಡಿಸ್ಕ್ ಮತ್ತು ಬೋರ್ಡಿನ ನಡುವೆ ದಾರಿಯಲ್ಲಿ ಕೆಟ್ಟ ಮಾತುಗಳ ಲೆಕ್ಕ ಅದು. ಹೆಚ್ಚಿನ ಸಲ ಸಾಟಾ ಕೇಬಲ್ ಬದಲಿಸಿದರೆ ನಿಲ್ಲುತ್ತದೆ. ಹಳೆಯ ಅಂಕಿ ಮಾತ್ರ ಸೊನ್ನೆಗೆ ಇಳಿಯುವುದಿಲ್ಲ. ಬರೆದಿಟ್ಟುಕೊಂಡು, ವಾರದ ಮೇಲೆ ಏರಿದೆಯಾ ನೋಡಿ.

1 ಟಿಬಿ ಪೆನ್‌ಡ್ರೈವ್ ಅಗ್ಗಕ್ಕೆ ಸಿಕ್ತು. ಹಳೆ ಫೋಟೋ ತೆರೆಯುತ್ತೆ, ಹೊಸದು ತೆರೆಯಲ್ಲ. ಯಾವ ಆ್ಯಪ್ ಹಾಕಲಿ?

ಅದರೊಳಗೆ 1 ಟಿಬಿ ಇಲ್ಲ. 16 ಅಥವಾ 32 ಜಿಬಿ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಸರಿ, ಆಮೇಲೆ ಬರೆದದ್ದೆಲ್ಲ ಗಾಳಿಗೆ. ಫೈಲಿನ ಹೆಸರು, ಗಾತ್ರ ಎಲ್ಲ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಸಾಧನ ಪೂರ್ತಿ ತುಂಬಿಸಿ ಓದಿ ಹೇಳುತ್ತದೆ. ಹೋದ ಫೋಟೋ ಯಾವ ಆ್ಯಪ್‌ಗೂ ಸಿಗುವುದಿಲ್ಲ, ಬರೆದೇ ಇರಲಿಲ್ಲವಲ್ಲ.

## ನೆಟ್‌ವರ್ಕು

ಬ್ಯಾಕಪ್ ಡಿಸ್ಕ್ ಚುಚ್ಚಿದಾಗೆಲ್ಲ ವೈರ್‌ಲೆಸ್ ಮೌಸ್ ತಡವರಿಸುತ್ತೆ. ಡ್ರೈವರ್ ಸಮಸ್ಯೆಯಾ?

ಎರಡೂ ಸರಿ ಇವೆ, ಅಕ್ಕಪಕ್ಕ ಕೂತಿರುವುದೇ ತಪ್ಪು. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಸುತ್ತಮುತ್ತ ರೇಡಿಯೋ ಗದ್ದಲ ಹೊರಡುತ್ತದೆ. ಮೌಸಿನ ರಿಸೀವರ್, ಬ್ಲೂಟೂತ್, ಹಳೆಯ ವೈಫೈ ಎಲ್ಲ ಮಾತಾಡುವುದು ಅಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ವರದಿ ಬರೆದಿದೆ. ಮೌಸಿನ ರಿಸೀವರನ್ನು ಇನ್ನೊಂದು ಬದಿಗೆ ಹಾಕಿ, ಇಲ್ಲವೇ ಗೇಣುದ್ದದ ಎಕ್ಸ್‌ಟೆನ್ಷನ್ ಕೇಬಲ್ ಕೊಡಿ. ವೈಫೈ ಆದರೆ 5 ಗಿಗಾಹರ್ಟ್ಜ್‌ಗೆ ಹೋಗಿ.

300 ಎಂಬಿಪಿಎಸ್ ಪ್ಲ್ಯಾನ್. ಕೇಬಲ್ ಹಾಕಿದರೆ 94 ದಾಟಲ್ಲ. ಕಂಪನಿಯವರು ಮೋಸ ಮಾಡ್ತಿದಾರಾ?

94 ಅನ್ನುವ ಅಂಕಿಯೇ ಸುಳಿವು. 100 ಎಂಬಿಪಿಎಸ್ ತಂತಿಯಲ್ಲಿ ಕೈಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ತುದಿಯ ಪ್ಲಗ್ಗಿಗೆ ತಂತಿ ಒತ್ತಿ ಕೂರಿಸಿದ್ದು (ಕ್ರಿಂಪ್) ಸರಿಯಾಗದೆ ಒಂದು ತಂತಿ ತಾಗದಿದ್ದರೂ ಎರಡೂ ಕಡೆಯ ಯಂತ್ರಗಳು ತೆಪ್ಪಗೆ 100ಕ್ಕೆ ಇಳಿದು ಹೊಂದಿಕೊಳ್ಳುತ್ತವೆ. ಎರರ್ ಬರುವುದಿಲ್ಲ, ದೂರು ಮಾತ್ರ ಬರುತ್ತದೆ. ರೌಟರಿನ ಆ ಕಿಂಡಿಯೇ 100ರದ್ದಾಗಿದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

## ಕೋಡ್ ಬರೆಯುವವರಿಗೆ

ನನ್ನ ಪ್ರೋಗ್ರಾಂ ಒಬ್ಬನೇ ಒಬ್ಬ ಗ್ರಾಹಕನ ಯಂತ್ರದಲ್ಲಿ ಕ್ರ್ಯಾಶ್ ಆಗುತ್ತೆ. ಹಾರ್ಡ್‌ವೇರ್ ಅಂತ ಹೇಳಿಬಿಡಲಾ?

ಅಷ್ಟು ಬೇಗ ಬೇಡ. ಜಾಗ ಬದಲಿಸುವ ತಪ್ಪುಗಳು ಸಾಫ್ಟ್‌ವೇರ್‌ನಲ್ಲೂ ಇವೆ. ಒಂದೇ ಪ್ರೋಗ್ರಾಂನೊಳಗೆ ಒಟ್ಟಿಗೆ ಓಡುವ ಎರಡು ಥ್ರೆಡ್‌ಗಳ ಜಗಳ, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು, ಇವೂ ದಿನಕ್ಕೊಂದು ವೇಷ ಹಾಕುತ್ತವೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಹೆಚ್ಚಿನ ಸಲ ತಪ್ಪು ನಿಮ್ಮದೇ.

ಆದರೂ ಕೆಲವು ಗುರುತುಗಳಿವೆ. ಆ ಯಂತ್ರದಿಂದ ಬಂದ ಹತ್ತು ಕ್ರ್ಯಾಶ್ ಡಂಪ್ (ಪ್ರೋಗ್ರಾಂ ಬಿದ್ದಾಗಿನ ಸ್ಥಿತಿಯ ದಾಖಲೆ) ಪಕ್ಕಪಕ್ಕ ಇಡಿ. ಹತ್ತೂ ಬೇರೆ ಬೇರೆ ಜಾಗದಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಕೋಡ್‌ನಲ್ಲಿ ಬಿದ್ದಿದ್ದರೆ ಅನುಮಾನಪಡಿ. ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ ಕಂಪೈಲರ್ ಸಿಗ್ನಲ್ 11 (ಮುಟ್ಟಬಾರದ ಮೆಮೊರಿ ಮುಟ್ಟಿದೆ) ಅಂತ ಸತ್ತು, ಮತ್ತೆ ಓಡಿಸಿದರೆ ಆ ಜಾಗ ದಾಟಿ ಇನ್ನೆಲ್ಲೋ ಸಾಯುವುದು ಲಿನಕ್ಸ್ ಜಗತ್ತಿನ ಹಳೆಯ ಗುರುತು. ಇನ್ನೊಂದು, ತಪ್ಪಿದ ಸಂಖ್ಯೆಯಿಂದ ಸರಿಯಾದ ಸಂಖ್ಯೆ ಕಳೆಯಿರಿ. ವ್ಯತ್ಯಾಸ ಎರಡರ ಘಾತ, ಅಂದರೆ 64, 1024, 65536 ಹೀಗಿದ್ದರೆ ಒಂದು ಬಿಟ್ ಮಗುಚಿರಬಹುದು.

2003ರ ಮೇ ತಿಂಗಳಲ್ಲಿ ಬೆಲ್ಜಿಯಂ ಚುನಾವಣೆಯಲ್ಲಿ, ಬ್ರಸೆಲ್ಸ್‌ನ ಸ್ಕಾರ್ಬೇಕ್‌ನಲ್ಲಿ, ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂತು. ಮತ್ತೆ ಎಣಿಸಿದಾಗ ಹೆಚ್ಚು ಬಂದದ್ದು ಸರಿಯಾಗಿ 4096. ಎರಡರ ಹನ್ನೆರಡನೇ ಘಾತ. ಪ್ರೋಗ್ರಾಂನಲ್ಲಿ ತಪ್ಪು ಸಿಗಲಿಲ್ಲ, ಯಂತ್ರದಲ್ಲಿ ಮತ್ತೆ ಹಾಗೆ ಆಗಲೂ ಇಲ್ಲ. ಬಿಟ್ ಒಂದು ತಾನಾಗಿಯೇ ಮಗುಚಿತು ಅಂತ ತೀರ್ಮಾನಿಸಿದರು. ಕಾಸ್ಮಿಕ್ ಕಿರಣ ಅನ್ನುವುದು ಊಹೆ ಮಾತ್ರ.

ರ‍್ಯಾಮ್ ಸರಿ, ಡಿಸ್ಕ್ ಸರಿ. ಪ್ರೊಸೆಸರೇ ಲೆಕ್ಕ ತಪ್ಪುತ್ತಾ?

ತಪ್ಪುತ್ತದೆ. 1994ರಲ್ಲಿ ಥಾಮಸ್ ನೈಸ್ಲಿ ಅನ್ನುವ ಅಮೆರಿಕದ ಗಣಿತದ ಪ್ರೊಫೆಸರ್ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುವಾಗ ಪೆಂಟಿಯಂ ಚಿಪ್ಪಿನ ಭಾಗಾಕಾರ ತಪ್ಪುವುದನ್ನು ಹಿಡಿದರು. 4195835 ಅನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಅದು 1.33373 ಕೊಡುತ್ತಿತ್ತು. ಚಿಪ್ಪಿನೊಳಗಿನ ಒಂದು ಪಟ್ಟಿಯಲ್ಲಿ ಕೆಲವು ಖಾನೆ ಖಾಲಿ ಉಳಿದಿದ್ದವು. ಇಂಟೆಲ್‌ಗೆ ಇದರ ಬಾಬ್ತು 47.5 ಕೋಟಿ ಡಾಲರ್ ಹೊರೆ ಬಿತ್ತು. ಆದರೆ ಅದು ಆ ಮಾದರಿಯ ಚಿಪ್ಪಿಗೆಲ್ಲ ಇದ್ದ ವಿನ್ಯಾಸದ ತಪ್ಪು, ಹಾಗಾಗಿ ಹಟಮಾರಿ.

ಈಚಿನದು ಇನ್ನೂ ಕಪಟಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರಿಗೆ ಆಟ ಶುರುಮಾಡುವಾಗ "ವೀಡಿಯೊ ಮೆಮೊರಿ ಸಾಲದು" ಅಂತ ಎರರ್ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡಿಗೆ, ಡ್ರೈವರಿಗೆ, ಆಟ ಮಾಡಿದವರಿಗೆ ಬೈದರು. ತಪ್ಪುತ್ತಿದ್ದದ್ದು ಒತ್ತಿಟ್ಟ ಡೇಟಾ ಬಿಚ್ಚುವ ಪ್ರೊಸೆಸರ್. ಅದಕ್ಕೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದೆ ಅಂತ 2024ರ ಜುಲೈನಲ್ಲಿ ಇಂಟೆಲ್ ಒಪ್ಪಿತು. ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸೂಚನೆಗಳ) ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಾಯಿತು. ಈಗಾಗಲೇ ಸವೆದ ಚಿಪ್ಪನ್ನು ತಿದ್ದುಪಡಿ ಗುಣಮಾಡುವುದಿಲ್ಲ, ಬದಲಿಸಬೇಕು. ನಿಮ್ಮ ಬಳಿ ಅಂಥದ್ದಿದ್ದರೆ ಆ ತಿದ್ದುಪಡಿ ಇರುವ ಬಯೋಸ್ ಅಪ್‌ಡೇಟ್ ಆಗಿದೆಯಾ ನೋಡಿ.

ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಪ್ರೊಸೆಸರಿನ ಒಳಗಿನ ಲೆಕ್ಕ ಮಾಡುವ ಘಟಕಗಳಲ್ಲಿ ಒಂದೇ ಒಂದು ಕೋರ್ ಕೆಟ್ಟಿರುವುದೂ ಉಂಟು. ಫೇಸ್‌ಬುಕ್ (ಈಗಿನ ಮೆಟಾ) ಕಂಪನಿಯವರು 2021ರಲ್ಲಿ ಬರೆದ ಪ್ರಕರಣದಲ್ಲಿ ಒಂದು ಕೋರ್ 1.1ರ 53ನೇ ಘಾತದ ಪೂರ್ಣಾಂಕವನ್ನು 156 ಅನ್ನುವ ಬದಲು ಸೊನ್ನೆ ಅನ್ನುತ್ತಿತ್ತು. ಫೈಲಿನ ಗಾತ್ರ ಸೊನ್ನೆ ಬಂದದ್ದರಿಂದ ಮುಂದಿನ ಪ್ರೋಗ್ರಾಂ "ಫೈಲ್ ಖಾಲಿ" ಅಂತ ಬಿಟ್ಟು ಮುಂದೆ ಹೋಯಿತು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಫೈಲ್ ಮಾತ್ರ ನಾಪತ್ತೆ.

ಹಾಗಾದ್ರೆ ಇಸಿಸಿ ರ‍್ಯಾಮ್ ಹಾಕಿಸಲೇಬೇಕಾ?

ಮನೆಗೆ ಬೇಡ. ಹತ್ತು ಜನರ ಲೆಕ್ಕ ಇಡುವ ಸರ್ವರ್‌ಗೆ ಹೌದು. ಇಸಿಸಿ ಅಂದರೆ ತನ್ನ ತಪ್ಪನ್ನು ತಾನೇ ಹಿಡಿಯುವ ರ‍್ಯಾಮ್. ಒಂದು ಬಿಟ್ ತಪ್ಪಿದರೆ ಸರಿಮಾಡುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ಗೂಗಲ್ ತನ್ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ಕ್ಕಿಂತ ಹೆಚ್ಚು ರ‍್ಯಾಮ್ ಕಡ್ಡಿಗಳು ತಪ್ಪು ಮಾಡಿದ್ದವು. ಒಮ್ಮೆ ತಪ್ಪಿದ ಕಡ್ಡಿಯೇ ಮತ್ತೆ ಮತ್ತೆ ತಪ್ಪುತ್ತಿತ್ತು. ಹಾಗಾಗಿ ಆಕಾಶದ ಕಿರಣಕ್ಕಿಂತ ಸ್ಲಾಟಿನ ಕಡ್ಡಿಯ ಮೇಲೇ ನನಗೆ ಗುಮಾನಿ ಜಾಸ್ತಿ.

ನೀವು ಕೇಳಿದ್ದರಲ್ಲಿ ಅತಿ ವಿಚಿತ್ರದ್ದು ಯಾವುದು?

ಎರಡಿವೆ. 2015ರಲ್ಲಿ ರಾಸ್ಪ್‌ಬೆರಿ ಪೈ 2 ಅನ್ನುವ ಅಂಗೈಯಗಲದ ಕಂಪ್ಯೂಟರ್ ಬಂದ ಹೊಸದರಲ್ಲಿ, ಅದರ ಫೋಟೋ ತೆಗೆಯಲು ಹೋದವರಿಗೆ ಕ್ಯಾಮೆರಾ ಫ್ಲಾಶ್ ಹೊಡೆದ ಕೂಡಲೇ ಅದು ಆಫ್ ಆಗುತ್ತಿತ್ತು. ಕರೆಂಟು ನಿಭಾಯಿಸುವ ಒಂದು ಪುಟ್ಟ ಚಿಪ್ಪಿಗೆ ಮೇಲ್ಹೊದಿಕೆ ಇರಲಿಲ್ಲ, ಝೀನಾನ್ ಫ್ಲಾಶಿನ ಬೆಳಕು ನೇರ ಸಿಲಿಕಾನಿಗೆ ಬೀಳುತ್ತಿತ್ತು. ಅಂಟಿನಂಥ ಪುಟ್ಟಿ ಒಂಚೂರು ಮೆತ್ತಿದರೆ ಸರಿಹೋಗುತ್ತಿತ್ತು.

ಇನ್ನೊಂದು 2018ರದ್ದು. ಅಮೆರಿಕದ ಷಿಕಾಗೋ ಹತ್ತಿರದ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಯಂತ್ರ ಕೂರಿಸುತ್ತಿದ್ದ ದಿನ ಸಿಬ್ಬಂದಿಯ ಐಫೋನ್‌ಗಳು, ಆಪಲ್ ವಾಚ್‌ಗಳು ಒಂದೊಂದಾಗಿ ಸತ್ತವು. ಆಂಡ್ರಾಯ್ಡ್ ಫೋನ್‌ಗಳಿಗೆ ಏನೂ ಆಗಲಿಲ್ಲ. ಇದು ಆಪಲ್ ಸಾಫ್ಟ್‌ವೇರ್‌ನದ್ದೇ ಕೆಲಸ ಅನ್ನಲು ಇನ್ನೇನು ಬೇಕು? ಎಂಆರ್‌ಐ ತಂಪಾಗಿಸುವ ಹೀಲಿಯಂ ಸೋರಿ ಕಟ್ಟಡದೊಳಗೆ ಹರಡಿತ್ತು. ಆ ಫೋನುಗಳ ಗಡಿಯಾರದ ಚಿಪ್ಪಿನೊಳಗೆ ಗಾಳಿ ತೆಗೆದ ಪುಟ್ಟ ಗೂಡು ಇರುತ್ತದೆ. ಹೀಲಿಯಂ ಕಣ ಎಷ್ಟು ಚಿಕ್ಕದೆಂದರೆ ಅದು ಅದರೊಳಗೂ ನುಸುಳಿತು. ಗಡಿಯಾರ ಮಿಡಿಯುವುದು ನಿಂತಿತು, ಫೋನೂ ನಿಂತಿತು. ಕೆಲವು ದಿನ ಹೊರಗಿನ ಗಾಳಿಯಲ್ಲಿ ಇದ್ದ ಮೇಲೆ ಹೆಚ್ಚಿನವು ತಾವಾಗಿಯೇ ಎದ್ದವು.